ಉಸಿರೆಳೆದರೆ ‘ಹೌದು’ ಅಂತ

ಸ್ವೀಡನ್‌ಗೆ ಬಂದಿಳಿದ ಮೂರನೇ ದಿನ. ಬಸ್ ನಿಲ್ದಾಣದಲ್ಲಿ ಎಪ್ಪತ್ತು ದಾಟಿದಂತಿದ್ದ ಅಜ್ಜಿಯೊಬ್ಬರು ನಿಂತಿದ್ದರು. ‘ಈ ಬಸ್ಸು ಯೂನಿವರ್ಸಿಟಿಗೆ ಹೋಗುತ್ತದೆಯೇ?’ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವರು ನನ್ನ ಮುಖ ನೋಡಿ, ತುಟಿ ಮುಂದೆ ಮಾಡಿ, ‘ಶ್ಶುಪ್’ ಎಂದು ಜೋರಾಗಿ ಉಸಿರೆಳೆದುಕೊಂಡರು. ಅಷ್ಟೇ, ಮುಂದೆ ಮಾತಿಲ್ಲ. ನನಗೆ ಗಾಬರಿ. ನಮ್ಮಜ್ಜಿಗೆ ಉಬ್ಬಸವಿತ್ತು, ಮಳೆಗಾಲದಲ್ಲಿ ಅವಳೂ ಹೀಗೇ ಉಸಿರಿಗೆ ಒದ್ದಾಡುತ್ತಿದ್ದಳು. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಅವರ ಮುಂದೆ ಚಾಚಿದೆ. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದರು. ಈ ಗಡಿಬಿಡಿಯಲ್ಲಿ ಬಸ್ಸು ಬಂತು, ಅವರು ಹತ್ತಿ ಹೋದರು, ನಾನು ಬಾಟಲಿ ಹಿಡಿದು ಅಲ್ಲೇ ನಿಂತಿದ್ದೆ.

ವಾರದ ನಂತರ ಕ್ಲಾಸಿನ ಹುಡುಗಿಯೊಬ್ಬಳಿಗೆ ಇದನ್ನು ಹೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಉತ್ತರ ಸ್ವೀಡನ್ನಿನ ಜನ ‘ಹೌದು’ ಎನ್ನುವುದು ಹಾಗೆಯೇ ಅಂತೆ. ಬಾಯಿಂದ ಗಾಳಿ ಹೊರಗೆ ಬಿಡುವಷ್ಟೂ ಮಾತು ಖರ್ಚು ಮಾಡುವುದಿಲ್ಲ, ಒಳಗೆಳೆದುಕೊಂಡು ಮುಗಿಸುತ್ತಾರೆ!

ನಾನು ಸಾಗರದ ಹತ್ತಿರದ ಹಳ್ಳಿಯವಳು. ಎರಡು ವರ್ಷದ ಎಂ.ಎಸ್ಸಿ.ಗೆ ಬಂದದ್ದು ಊಮೆಯೊ ಎಂಬ ಊರಿಗೆ. ಸ್ಟಾಕ್‌ಹೋಮ್‌ನಿಂದ ಉತ್ತರಕ್ಕೆ ರೈಲಿನಲ್ಲಿ ಆರು ತಾಸಿಗೂ ಹೆಚ್ಚಿನ ದಾರಿ. ಇದನ್ನು ಬರ್ಚ್ ಮರಗಳ ಊರು ಎನ್ನುತ್ತಾರೆ. 1888ರಲ್ಲಿ ಊರು ಸುಟ್ಟುಹೋದ ಮೇಲೆ, ಇನ್ನೊಮ್ಮೆ ಬೆಂಕಿ ಬಿದ್ದರೂ ಹರಡದಿರಲಿ ಎಂದು ಅಗಲವಾದ ಬೀದಿಗಳನ್ನು ಮಾಡಿ ಸಾಲಾಗಿ ಈ ಮರ ನೆಟ್ಟರಂತೆ. ನಾನು ಬಂದ ಆಗಸ್ಟ್‌ನಲ್ಲಿ ಎಲ್ಲ ಹಸಿರಾಗಿತ್ತು, ಮಲೆನಾಡಿನಂತೆಯೇ ಇದೆಯಲ್ಲ ಎಂದು ಅಮ್ಮನಿಗೆ ಫೋಟೊ ಕಳಿಸಿದ್ದೆ.

ಇಲ್ಲಿ ಬದುಕಲು ಅನ್ನ, ನೀರಿಗಿಂತ ಮೊದಲು ಬೇಕಾದದ್ದು ಒಂದು ಸಂಖ್ಯೆ. ತೆರಿಗೆ ಇಲಾಖೆ ಕೊಡುವ ಈ ವೈಯಕ್ತಿಕ ಸಂಖ್ಯೆಯಲ್ಲಿ ನಮ್ಮ ಹುಟ್ಟಿದ ದಿನಾಂಕ, ಅದರ ಹಿಂದೆ ನಾಲ್ಕು ಅಂಕಿ. ಅದಿಲ್ಲದೆ ಬ್ಯಾಂಕಿನ ಕೆಲಸ ಸಲೀಸಾಗಿ ಆಗುವುದಿಲ್ಲ, ಬ್ಯಾಂಕಿನ ಕೆಲಸವಾಗದೆ ಫೋನಿನಲ್ಲಿ ದುಡ್ಡು ಕೊಡುವ ‘ಸ್ವಿಶ್’ ಸಿಗುವುದಿಲ್ಲ. ಸಾಗರದ ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೂ ಫೋನ್ ತೋರಿಸುತ್ತಿದ್ದವಳು ಇಲ್ಲಿ ಬಸ್ಸು ಹತ್ತಿ ನೋಟು ಚಾಚಿದರೆ ಚಾಲಕ ಅದನ್ನು ಮ್ಯೂಸಿಯಂ ವಸ್ತುವಿನಂತೆ ನೋಡಿದ. ಅಕ್ಟೋಬರ್‌ನಲ್ಲಿ ಸಂಖ್ಯೆಯ ಕಾಗದ ಅಂಚೆಯಲ್ಲಿ ಬಂದಾಗ ಪಿಯುಸಿ ರಿಸಲ್ಟ್ ಬಂದಷ್ಟೇ ಖುಷಿಪಟ್ಟೆ.

ಸಂಖ್ಯೆಯೇನೋ ಬಂತು, ಜನ ಸಿಗಲಿಲ್ಲ. ನಮ್ಮೂರಿನಲ್ಲಿ ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ನಾಲ್ಕು ಜನ ‘ಊಟ ಆಯ್ತಾ?’ ಎಂದಿರುತ್ತಾರೆ. ಇಲ್ಲಿ ಎದುರು ಬಾಗಿಲಿನವರು ಮೆಟ್ಟಿಲಲ್ಲಿ ಯಾರೋ ಇದ್ದಾರೆ ಎಂದು ಗೊತ್ತಾದರೆ, ಅವರು ಇಳಿದು ಹೋಗುವವರೆಗೆ ಬಾಗಿಲ ಹಿಂದೆಯೇ ಕಾಯುತ್ತಾರೆ ಎಂದು ಹೇಳುತ್ತಾರೆ. ತಮಾಷೆ ಅಂದುಕೊಂಡಿದ್ದೆ. ಒಂದು ದಿನ ನಾನು ಕೀಲಿ ಹುಡುಕುತ್ತ ನಿಂತಿದ್ದಾಗ ಎದುರಿನ ಬಾಗಿಲ ಹಿಡಿ ತಿರುಗಿತು, ಬಾಗಿಲು ತೆರೆಯಲಿಲ್ಲ. ನಾನು ಒಳಹೊಕ್ಕ ಮೇಲೆ ತೆರೆಯಿತು.

ಆಮೇಲೆ ಬಟ್ಟೆ ಒಗೆಯುವ ಕೋಣೆಯ ಪ್ರಸಂಗ. ಇಲ್ಲಿ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದು ‘ತ್ವೆತ್‌ಸ್ಟೂಗ’ ಇರುತ್ತದೆ, ಅಂದರೆ ಒಗೆಯುವ ಕೋಣೆ. ಮೊದಲೇ ಸಮಯ ಕಾಯ್ದಿರಿಸಬೇಕು, ಹೇಳಿದ ಹೊತ್ತಿಗೆ ಮುಗಿಸಬೇಕು, ಡ್ರೈಯರಿನ ಜಾಲರಿಯಲ್ಲಿ ಸೇರಿದ ನೂಲಿನ ಕಸ ತೆಗೆದು, ನೆಲ ಒರೆಸಿ ಹೊರಡಬೇಕು. ನವೆಂಬರ್‌ನ ಒಂದು ಸಂಜೆ ಮಷಿನ್ನಿಗೆ ಬಟ್ಟೆ ಹಾಕಿ, ಮೇಲೆ ಬಂದು ಐದು ನಿಮಿಷ ಎಂದು ಮಲಗಿದವಳು ಎದ್ದಾಗ ನನ್ನ ಸಮಯ ಮುಗಿದು ನಲವತ್ತು ನಿಮಿಷವಾಗಿತ್ತು. ಓಡಿದೆ. ನನ್ನ ಬಟ್ಟೆಯೆಲ್ಲ ಬುಟ್ಟಿಯಲ್ಲಿತ್ತು, ಮೇಲೊಂದು ಚೀಟಿ. ಫೋನ್ ಹಿಡಿದು ಅನುವಾದ ನೋಡಿದೆ: ‘ಈ ಕಟ್ಟಡದಲ್ಲಿ ಬೇರೆಯವರೂ ವಾಸಿಸುತ್ತಾರೆ!!!’ ಮೂರು ಆಶ್ಚರ್ಯಸೂಚಕ.

ಮೂರು ತಿಂಗಳಲ್ಲಿ ಈ ಕಟ್ಟಡದವರು ನನಗೆ ಹೇಳಿದ ಮೊದಲ ಮಾತು ಅದು. ಬುಟ್ಟಿ ಇಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಬಟ್ಟೆಗಾಗಿ ಯಾರಾದರೂ ಅಳುತ್ತಾರಾ? ಆಮೇಲೆ ಡಿಕ್ಷನರಿ ಇಟ್ಟುಕೊಂಡು, ನನ್ನದೇ ಸ್ವೀಡಿಷ್‌ನಲ್ಲಿ ಎರಡು ಸಾಲಿನ ಕ್ಷಮಾಪಣೆ ಬರೆದು ನೋಟಿಸ್ ಬೋರ್ಡಿಗೆ ಚುಚ್ಚಿದೆ.

ಮರುದಿನ ನೋಡಿದರೆ ಯಾರೋ ಕೆಂಪು ಪೆನ್ನಿನಲ್ಲಿ ವ್ಯಾಕರಣ ತಿದ್ದಿದ್ದರು! ಸ್ವೀಡಿಷ್‌ನಲ್ಲಿ ‘ಒಂದು’ ಎನ್ನಲು ‘ಎನ್’ ಮತ್ತು ‘ಎತ್’ ಎಂದು ಎರಡು ಬಗೆ, ಯಾವ ಪದಕ್ಕೆ ಯಾವುದು ಎಂಬುದನ್ನು ಬಾಯಿಪಾಠ ಮಾಡಬೇಕು. ‘ಒಂದು ತಪ್ಪಾಯಿತು’ ಎನ್ನುವಲ್ಲಿ ನಾನು ‘ಎನ್’ ಬರೆದಿದ್ದೆ, ಅದು ‘ಎತ್’ ಆಗಬೇಕಿತ್ತು. ತಪ್ಪು ಎಂಬ ಪದಕ್ಕೇ ತಪ್ಪು ಮಾಡಿದ್ದೆ. ಕೆಳಗೆ ಸಣ್ಣದಾಗಿ ‘ತಾಕ್’ ಎಂದಿತ್ತು, ಧನ್ಯವಾದ. ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡೆ.

ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಒಂಬತ್ತೂವರೆಯ ಸುಮಾರಿಗೆ ಮುಖ ತೋರಿಸಿ ಎರಡು ಗಂಟೆಯೊಳಗೆ ಹೊರಟುಬಿಡುತ್ತಾನೆ. 2012ರಲ್ಲಿ ಇಲ್ಲಿನ ಕೆಲವು ಬಸ್ ನಿಲ್ದಾಣಗಳಿಗೆ ಬಿಸಿಲಿನಂಥ ಪ್ರಖರ ಬೆಳಕು ಕೊಡುವ ದೀಪ ಹಾಕಿದ್ದರಂತೆ, ಕಾಯುವವರ ಮನಸ್ಸು ಕುಗ್ಗದಿರಲೆಂದು. ನನ್ನದು ಪೂರ್ತಿ ಕುಗ್ಗಿತ್ತು. ಹಗಲು ಮಲಗುವುದು, ರಾತ್ರಿ ವಿಮಾನದ ಟಿಕೆಟ್ ದರ ನೋಡುವುದು. ಆದರೆ ನನ್ನ ಫೀಸಿಗಾಗಿ ಅಪ್ಪ ಅಡಿಕೆ ತೋಟದ ಮೇಲೆ ಸಾಲ ತೆಗೆದಿದ್ದರು. ವಾಪಸ್ ಬರುತ್ತೇನೆ ಎಂದು ಯಾವ ಬಾಯಲ್ಲಿ ಹೇಳಲಿ? ಅಮ್ಮ ‘ಊಟ ಆಯ್ತನೇ?’ ಎಂದರೆ ಬಿಸ್ಕತ್ತಿನ ಪ್ಯಾಕೆಟ್ ಪಕ್ಕಕ್ಕಿಟ್ಟು ‘ಆಯ್ತು, ಅನ್ನ ಸಾರು’ ಎನ್ನುತ್ತಿದ್ದೆ.

ಒಂದು ದಿನ ಕಾಲೇಜಿಗೆ ಹೋಗದೆ ಮಲಗಿದ್ದಾಗ ಅಮ್ಮನ ಫೋನು. ಅಲ್ಲಿಗೂ ಇಲ್ಲಿಗೂ ಚಳಿಗಾಲದಲ್ಲಿ ನಾಲ್ಕೂವರೆ ತಾಸಿನ ವ್ಯತ್ಯಾಸ. ಅಮ್ಮ ದೇವರ ಮುಂದೆ ದೀಪ ಹಚ್ಚುವ ಹೊತ್ತು, ನನಗೆ ಮಧ್ಯಾಹ್ನದ ಊಟದ ಹೊತ್ತು. ಆದರೂ ನಮ್ಮಿಬ್ಬರಿಗೂ ಸೂರ್ಯ ಮುಳುಗುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ಗಳಿಗೆಗೆ!

‘ದೀಪ ಹಚ್ಚಿದೆ. ನಿಮ್ಮಲ್ಲಿ?’

‘ಇಲ್ಲೂ ಕತ್ತಲಾಯ್ತಮ್ಮ.’

‘ಮತ್ತೆ ಕತ್ತಲಲ್ಲಿ ಎಂತಕ್ಕೆ ಕೂತಿದೀಯೆ? ನಿನ್ನ ಮುಖವೇ ಕಾಣ್ತಿಲ್ಲ. ಏಳು, ಲೈಟ್ ಹಾಕು.’

ಎದ್ದೆ. ಸ್ವಿಚ್ಚು ಕಿಟಕಿಯ ಪಕ್ಕದಲ್ಲಿತ್ತು. ಹೊರಗೆ ನೋಡಿದರೆ ಎದುರು ಕಟ್ಟಡದ ಪ್ರತಿ ಕಿಟಕಿಯಲ್ಲೂ ಕಾಗದದ ನಕ್ಷತ್ರ ದೀಪ, ಇಲ್ಲವೇ ಏಳು ಬತ್ತಿಯ ವಿದ್ಯುತ್ ದೀಪ. ಕ್ರಿಸ್‌ಮಸ್‌ಗೆ ನಾಲ್ಕು ಭಾನುವಾರ ಮೊದಲೇ ಹಚ್ಚಿಡುತ್ತಾರೆ. ಪರದೆ ಎಳೆಯುವುದಿಲ್ಲ, ಬೀದಿಯಲ್ಲಿ ಹೋಗುವವರಿಗೂ ಕಾಣುತ್ತದೆ. ಎರಡು ವಾರದಿಂದ ಅದು ಅಲ್ಲೇ ಇತ್ತು, ನಾನು ಕಿಟಕಿಯತ್ತ ತಿರುಗಿರಲಿಲ್ಲ. ಆ ದಿನ ಅಮ್ಮನಿಗೆ ನಿಜ ಹೇಳಿದೆ, ಬಿಸ್ಕತ್ತಿನದೂ, ಟಿಕೆಟ್ಟಿನದೂ. ಅವಳು ಬಹಳ ಹೊತ್ತು ಸುಮ್ಮನಿದ್ದು, ‘ಅಪ್ಪನಿಗೆ ನಾನು ಹೇಳ್ತೆ. ಬರಬೇಕು ಅನ್ಸಿದ್ರೆ ಬಾ. ತೋಟ ಎಲ್ಲಿಗೂ ಹೋಗಲ್ಲ. ಈಗ ಮೊದಲು ಅನ್ನಕ್ಕಿಡು’ ಎಂದಳು. ಫೋನ್ ಇಡದೆ, ಕುಕ್ಕರ್ ಮೂರು ಸಲ ಕೂಗುವವರೆಗೂ ಕಾದಳು.

ಹಳೆ ಸಾಮಾನಿನ ಅಂಗಡಿಯಿಂದ ನಾನೂ ಒಂದು ನಕ್ಷತ್ರ ತಂದೆ, ಒಂದು ಮೂಲೆ ಹರಿದದ್ದು. ಕಿಟಕಿಗೆ ಕಟ್ಟಿದ ಎರಡು ದಿನಕ್ಕೆ ಮೆಟ್ಟಿಲಲ್ಲಿ ಎದುರು ಬಾಗಿಲಿನವರು ಸಿಕ್ಕಿಬಿದ್ದರು. ಅಡಗಲು ಇಬ್ಬರಿಗೂ ಜಾಗವಿರಲಿಲ್ಲ. ‘ಚಳಿ ಜಾಸ್ತಿ’ ಎಂದೆ ಸ್ವೀಡಿಷ್‌ನಲ್ಲಿ. ಅವರು ‘ಶ್ಶುಪ್’ ಎಂದರು. ನಾನೂ ಉಸಿರೆಳೆದುಕೊಂಡೆ. ಸ್ವಲ್ಪ ಜಾಸ್ತಿಯೇ ಎಳೆದೆ ಅಂತ ಕಾಣುತ್ತದೆ, ಕೆಮ್ಮು ಬಂತು.

ಜನವರಿಯಲ್ಲಿ ಸ್ವೀಡಿಷ್ ತರಗತಿಗೆ ಸೇರಿದೆ. ವಲಸೆ ಬಂದವರಿಗೆಂದೇ ಇಲ್ಲಿನ ನಗರಾಡಳಿತ ನಡೆಸುವ ಉಚಿತ ತರಗತಿ ಅದು. ಮೊದಲ ದಿನ ಟೀಚರ್ ‘ಗೊತ್ತಿರುವ ಒಂದು ಪದ ಹೇಳಿ’ ಎಂದಾಗ ಎಲ್ಲರೂ ನಮಸ್ಕಾರ, ಕಾಫಿ ಎಂದರು. ನಾನು ‘ತಪ್ಪು’ ಎಂಬ ಪದವನ್ನು ‘ಎತ್’ ಸಮೇತ ಹೇಳಿದೆ. ಜೂನ್‌ನಲ್ಲಿ ರಾತ್ರಿ ಹತ್ತು ಗಂಟೆಗೂ ಬಿಸಿಲು, ನಿದ್ದೆ ಬಾರದೆ ಕಿಟಕಿಗೆ ದಪ್ಪ ಪರದೆ ಕೊಂಡೆ. ಬೆಳಕು ಜಾಸ್ತಿಯಾಯಿತೆಂದು ಇಲ್ಲಿ ನಾನು ದೂರಿದ್ದು ಕೇಳಿ ಅಮ್ಮ ನಕ್ಕಿದ್ದೇ ನಕ್ಕಿದ್ದು.

ಮೊನ್ನೆ ಸೆಪ್ಟೆಂಬರ್‌ನಲ್ಲಿ ನನ್ನ ಸರದಿಯೆಂದು ನೆಲಮಾಳಿಗೆಗೆ ಇಳಿದರೆ ಮಷಿನ್ನಿನಲ್ಲಿ ಯಾರದೋ ಬಟ್ಟೆ. ಹತ್ತು ನಿಮಿಷ ಕಾದೆ, ಇಪ್ಪತ್ತು ಕಾದೆ. ಹೊಸ ವಿದ್ಯಾರ್ಥಿಯದ್ದಿರಬೇಕು, ಟೀ ಶರ್ಟಿನ ಮೇಲೆ ನಮ್ಮ ಯೂನಿವರ್ಸಿಟಿಯ ಹೆಸರು, ಬಣ್ಣ ಇನ್ನೂ ಮಾಸಿರಲಿಲ್ಲ. ಎಲ್ಲವನ್ನೂ ಬುಟ್ಟಿಗೆ ತೆಗೆದಿಟ್ಟು ಪೆನ್ನು ಹುಡುಕಿದೆ. ಚೀಟಿ ಬರೆದೆ. ಕೊನೆಯಲ್ಲಿ ಮೂರು ಆಶ್ಚರ್ಯಸೂಚಕ ಹಾಕಲು ಕೈ ಹೋಗಿತ್ತು, ಒಂದಕ್ಕೇ ನಿಲ್ಲಿಸಿದೆ. ಕೆಳಗೆ ನನ್ನ ಮನೆ ಸಂಖ್ಯೆಯನ್ನೂ ಬರೆದೆ.