ರೈತರ ಮನೆಯಲ್ಲಿ ಮಕ್ಕಳ ಸಾಮಾನುಗಳ ಓರಣ

ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಸುತ್ತಮುತ್ತ ರೇಷ್ಮೆ ಹುಳು ಸಾಕುವ ಕುಟುಂಬಗಳಲ್ಲಿ ಒಂದು ಶಿಸ್ತನ್ನು ಕಾಣಬಹುದು. ಹುಳು ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಒಳಗೆ ಹೋಗಬೇಕು. ಹೊಗೆಸೊಪ್ಪು ಮುಟ್ಟಿದ ಕೈಯಿಂದ ಸೊಪ್ಪು ಹಾಕುವಂತಿಲ್ಲ. ಕೀಟನಾಶಕದ ಡಬ್ಬಿಯನ್ನಂತೂ ಅದರ ಹತ್ತಿರಕ್ಕೂ ತರುವುದಿಲ್ಲ. ತಟ್ಟೆ ಎಲ್ಲಿರಬೇಕು, ಚಂದ್ರಿಕೆ ಎಲ್ಲಿರಬೇಕು ಎಂಬುದು ಮನೆಯವರಿಗೆಲ್ಲ ಗೊತ್ತು. ಸುಮಾರು 25ರಿಂದ 28 ದಿನ ಸಾಕುವ ಹುಳುವಿಗಾಗಿ ಇಷ್ಟು ಎಚ್ಚರ ವಹಿಸುವ ಮನೆಯಲ್ಲಿಯೇ ಮಗುವಿನ ಗಿಲಕಿ, ಬಣ್ಣದ ಪೆನ್ಸಿಲ್, ಹೊಲಿಗೆಯ ಸೂಜಿ, ಮೈಲುತುತ್ತದ ಪೊಟ್ಟಣ, ಇಲಿ ಪಾಷಾಣ ಇವೆಲ್ಲ ಒಂದೇ ಗೋಡೆಗೂಡಿನಲ್ಲಿ ಸೇರಿಕೊಂಡಿರುವುದುಂಟು.

ಹುಳುವಿಗೆ ತೋರುವ ಈ ಎಚ್ಚರವನ್ನು ಮಕ್ಕಳ ವಿಷಯದಲ್ಲಿಯೂ ತೋರಿದರೆ ಮನೆ ಚೊಕ್ಕಟವಾಗಿ ಕಾಣುವುದಷ್ಟೇ ಅಲ್ಲ, ಅನೇಕ ಅನಾಹುತಗಳೂ ತಪ್ಪುತ್ತವೆ. ಇದಕ್ಕೆ ಹೆಚ್ಚಿನ ಖರ್ಚು ಬೇಕಿಲ್ಲ. ಯಾವ ವಸ್ತು ಎಲ್ಲಿರಬೇಕು ಎಂಬ ನಿರ್ಧಾರ, ಅದನ್ನು ನಡೆಸಿಕೊಂಡು ಹೋಗುವ ಅಭ್ಯಾಸ ಇವೆರಡಿದ್ದರೆ ಸಾಕು.

ಓರಣ ಏಕೆ ಬೇಕು?

ಪೇಟೆಯ ಮನೆಗೂ ರೈತರ ಮನೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ರೈತರ ಮನೆಯಲ್ಲಿ ಬೇಸಾಯದ ಔಷಧಿಗಳು ಸದಾ ಇರುತ್ತವೆ. ದ್ರಾಕ್ಷಿಗೆ ಬೋರ್ಡೋ ದ್ರಾವಣ ತಯಾರಿಸಲು ತಂದ ಮೈಲುತುತ್ತದ ನೀಲಿ ಹರಳು ಮಗುವಿನ ಕಣ್ಣಿಗೆ ಕಲ್ಲುಸಕ್ಕರೆಯಂತೆ ಕಾಣುತ್ತದೆ. ಬೀಜೋಪಚಾರ ಮಾಡಿದ ಮುಸುಕಿನ ಜೋಳದ ಕೆಂಪು ಕಾಳು ಮಣಿಯಂತೆ ಕಾಣುತ್ತದೆ. ಇಲಿಗೆ ಇಡುವ ಬಣ್ಣದ ಬಿಲ್ಲೆ ಮಿಠಾಯಿಯಂತೆಯೇ ಇರುತ್ತದೆ. ಬಣ್ಣದ ವಸ್ತುಗಳೆಲ್ಲ ಒಂದೇ ಕಡೆ ಬಿದ್ದಿದ್ದರೆ ಇದು ಆಟಕ್ಕೆ, ಇದು ವಿಷ ಎಂದು ಮೂರು ವರ್ಷದ ಮಗು ಬೇರೆ ಮಾಡಲಾರದು. ಹಾಗೆ ಬೇರೆ ಮಾಡಿ ಇಡುವುದು ದೊಡ್ಡವರ ಕೆಲಸ.

ಬೆರಕೆಯಿಂದ ಆಗುವ ಹಾನಿ ಎಷ್ಟು ದೊಡ್ಡದೆಂಬುದಕ್ಕೆ 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮದಲ್ಲಿ ನಡೆದ ದುರಂತವೇ ಸಾಕ್ಷಿ. ಅಲ್ಲಿ ಶಾಲೆಯ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮೊನೊಕ್ರೋಟೊಫಾಸ್ ಎಂಬ ಕೀಟನಾಶಕವಿದ್ದುದು ಪರೀಕ್ಷೆಯಲ್ಲಿ ಕಂಡುಬಂದಿತು. ಉಣ್ಣುವ ವಸ್ತುವಿಗೂ ಸಿಂಪಡಿಸುವ ವಸ್ತುವಿಗೂ ನಡುವೆ ಅಂತರ ಉಳಿಯದಿದ್ದರೆ ಇಂತಹುದು ಯಾವ ಊರಿನಲ್ಲಾದರೂ ಸಂಭವಿಸಬಹುದು.

ಇನ್ನೆರಡು ಕಾರಣಗಳೂ ಇವೆ. ಮೂಲೆಯಲ್ಲಿ ತಿಂಗಳುಗಟ್ಟಲೆ ಬಿದ್ದ ಹಳೆಯ ಬಟ್ಟೆ, ಕಾಗದ, ಮುರಿದ ಸಾಮಾನುಗಳ ರಾಶಿಯಲ್ಲಿ ಇಲಿ ಗೂಡು ಕಟ್ಟುತ್ತದೆ. ಅಂತಹ ಕಡೆ ಚೇಳು ಸೇರುತ್ತದೆ, ಇಲಿಯನ್ನು ಅರಸಿ ಹಾವು ಬರುತ್ತದೆ. ಚೆಂಡು ಹುಡುಕುತ್ತ ಮಗು ಕೈ ಹಾಕುವುದೂ ಅದೇ ಮೂಲೆಗೆ. ಹಿತ್ತಲಿನಲ್ಲಿ ಬಿಸಾಡಿದ ಪ್ಲಾಸ್ಟಿಕ್ ಲಾರಿ, ಒಡೆದ ಬಕೆಟ್, ಹಳೆಯ ಟೈರುಗಳಲ್ಲಿ ಮಳೆ ನೀರು ನಿಂತರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಸುಮಾರು 7ರಿಂದ 10 ದಿನಗಳಲ್ಲಿ ಸೊಳ್ಳೆಯಾಗಿ ಹಾರುತ್ತದೆ. ಆದುದರಿಂದ ವಾರಕ್ಕೊಮ್ಮೆ ಹಿತ್ತಲನ್ನು ನೋಡಿ ಇವುಗಳ ನೀರನ್ನು ಚೆಲ್ಲಬೇಕು.

ಯಾವಾಗ, ಹೇಗೆ?

ರಾಗಿ ಒಕ್ಕಣೆ ಮುಗಿದು ಕಣದ ಕೆಲಸ ತೀರಿದ ಮೇಲೆ, ಯುಗಾದಿಗೆ ಸುಣ್ಣ ಬಳಿಯುವ ಮುಂಚೆ ಈ ಕೆಲಸಕ್ಕೆ ಬಿಡುವು ಸಿಗುತ್ತದೆ. ಶಾಲೆ ತೆರೆಯುವ ಮುಂಚೆ ಒಮ್ಮೆ, ಆಯುಧ ಪೂಜೆಗೆ ಮನೆ ತೊಳೆಯುವಾಗ ಇನ್ನೊಮ್ಮೆ ಮಾಡಿದರೆ ವರ್ಷವಿಡೀ ಸುಲಭ. ಇಡೀ ಮನೆಯನ್ನು ಒಂದೇ ದಿನ ಹರವಿಕೊಂಡು ಕೂರಬಾರದು. ಒಂದು ದಿನ ಆಟಿಕೆ, ಒಂದು ದಿನ ಬಟ್ಟೆ, ಮತ್ತೊಂದು ದಿನ ಕೈಕೆಲಸದ ಸಾಮಗ್ರಿ ಎಂದು ಹಂಚಿಕೊಳ್ಳುವುದು ಒಳ್ಳೆಯದು.

ಕಣದಲ್ಲಿ ರಾಗಿ ತೂರಿ ಕಾಳು, ಹೊಟ್ಟು, ಕಲ್ಲು ಬೇರೆ ಮಾಡುವಂತೆ ಇಲ್ಲಿಯೂ ಬೇರ್ಪಡಿಸಬೇಕು. ಅಂಗಳದಲ್ಲಿ ಗೋಣಿತಾಟು ಹಾಸಿ ಎಲ್ಲವನ್ನೂ ಸುರಿದು ನಾಲ್ಕು ಗುಂಪು ಮಾಡಬೇಕು.

1. ದಿನವೂ ಬೇಕಾದುವು.
2. ಚೆನ್ನಾಗಿದ್ದರೂ ಈಗ ಬೇಡವಾದುವು. ಇವನ್ನು ತೆಗೆದಿಡಬೇಕು.
3. ಬೇರೆಯವರಿಗೆ ಉಪಯೋಗವಾಗುವಂತಹವು. ಇವನ್ನು ನೆಂಟರ ಮಕ್ಕಳಿಗೋ ಊರಿನ ಅಂಗನವಾಡಿಗೋ ಕೊಡಬಹುದು.
4. ಮುರಿದವು, ಚೂಪಾದವು, ಬಣ್ಣ ಕಿತ್ತವು. ಇವನ್ನು ಮನೆಯಿಂದ ಹೊರಗೆ ಹಾಕಬೇಕು.

ಈ ಕೆಲಸಕ್ಕೆ ಮಕ್ಕಳನ್ನೂ ಕೂರಿಸಿಕೊಳ್ಳಬೇಕು. ಹೇಳದೆ ಕೇಳದೆ ಆಟಿಕೆ ಕೊಟ್ಟುಬಿಟ್ಟರೆ ಮಗು ಮುಂದೆ ಪ್ರತಿಯೊಂದನ್ನೂ ಬಚ್ಚಿಡಲು ಕಲಿಯುತ್ತದೆ. ತಾನೇ ಆರಿಸಿ ಕೊಟ್ಟರೆ ಅದಕ್ಕೆ ಹೆಮ್ಮೆ.

ಆಟಿಕೆಗಳು

ಇರುವ ಆಟಿಕೆಗಳನ್ನೆಲ್ಲ ಒಮ್ಮೆಗೇ ಮಗುವಿನ ಮುಂದೆ ಸುರಿಯಬಾರದು. ಆರೇಳು ಆಟಿಕೆಗಳನ್ನು ಕೈಗೆಟಕುವಂತೆ ಬುಟ್ಟಿಯಲ್ಲಿಟ್ಟು ಉಳಿದವನ್ನು ಪೆಟ್ಟಿಗೆಯಲ್ಲಿ ಹಾಕಿ ಅಟ್ಟಕ್ಕೆ ಏರಿಸಬೇಕು. ತಿಂಗಳಿಗೊಮ್ಮೆ ಅದಲುಬದಲು ಮಾಡಿದರೆ ಹಳೆಯ ಆಟಿಕೆಯೇ ಹೊಸದಾಗಿ ಕಾಣುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ ದಸರಾ ಗೊಂಬೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು ವರ್ಷಕ್ಕೊಮ್ಮೆ ಮಾತ್ರ ಹೊರತೆಗೆಯುತ್ತಾರೆ. ಆ ಗೊಂಬೆಗಳು ತಲೆಮಾರುಗಳ ಕಾಲ ಉಳಿಯುವುದೂ, ಮಕ್ಕಳು ಅವಕ್ಕಾಗಿ ಕಾಯುವುದೂ ಇದರಿಂದಲೇ.

ಬುಟ್ಟಿಗೆ ಮುಚ್ಚಳ ಬೇಡ. ಭಾರವಾದ ಮುಚ್ಚಳ ಬೆರಳಿನ ಮೇಲೆ ಬೀಳುತ್ತದೆ. ತರಕಾರಿ ತುಂಬುವ ಪ್ಲಾಸ್ಟಿಕ್ ಕ್ರೇಟು, ಉಪಯೋಗ ತೀರಿದ ಬಿದಿರು ತಟ್ಟೆ ಇದಕ್ಕೆ ಸಾಕು. ಆದರೆ ಕ್ರೇಟಿಗೆ ಸಿಂಪರಣೆಯ ಔಷಧಿಯೂ ತಟ್ಟೆಗೆ ಸೋಂಕು ನಿವಾರಕವೂ ತಾಗಿರುವುದರಿಂದ ಸೋಪಿನ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿಯೇ ಬಳಸಬೇಕು. ಹಣ್ಣಿನ ಮರದ ಪೆಟ್ಟಿಗೆಯಾದರೆ ಮೊಳೆಗಳನ್ನು ಕೀಳಬೇಕು. ಔಷಧಿಯ ಡಬ್ಬಿಯನ್ನು ಮಾತ್ರ ಎಷ್ಟು ತೊಳೆದರೂ ಆಟಕ್ಕಾಗಲಿ ಆಟಿಕೆ ತುಂಬಲಾಗಲಿ ಕೊಡಬಾರದು.

ಮೂರು ವರ್ಷದೊಳಗಿನ ಮಕ್ಕಳಿಗೆ ಸುಮಾರು ಮೂರು ಸೆಂಟಿಮೀಟರಿಗಿಂತ ಚಿಕ್ಕದಾದ ಗೋಲಿ, ಮಣಿ, ಬಿಡಿಭಾಗಗಳನ್ನು ಕೊಡಬಾರದು. ಅವು ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತವೆ. ಅಣ್ಣ ಅಕ್ಕಂದಿರ ಗೋಲಿಗಳಿಗೆ ಬೇರೆ ಚೀಲ ಮಾಡಿ ಮೇಲೆ ತೂಗುಹಾಕಬೇಕು. ದೀಪ ಉರಿಯುವ, ಹಾಡುವ ಆಟಿಕೆಗಳಲ್ಲಿ ಗುಂಡಿಯಾಕಾರದ ಸೆಲ್ಲುಗಳಿರುತ್ತವೆ. ಇದನ್ನು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಲ್ಲದು. ಸೆಲ್ಲಿನ ಮುಚ್ಚಳ ಸಡಿಲವಾದ ಆಟಿಕೆ ನಾಲ್ಕನೆಯ ಗುಂಪಿಗೆ ಸೇರಬೇಕು.

ಹೊಸ ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಬೇಕು. 2021ರ ಜನವರಿ 1ರಿಂದ ಇದು ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳ ಕೈಕೆಲಸದ ಆಟಿಕೆಗಳಿಗೆ ವಿನಾಯಿತಿ ಇದೆ. ಆಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಾಕಿದ ಚನ್ನಪಟ್ಟಣದ ಗೊಂಬೆಗಳು ಬಹಳ ಕಾಲ ಬಾಳುತ್ತವೆ. ಹತ್ತು ಅಗ್ಗದ ಆಟಿಕೆಗಿಂತ ಇಂತಹ ಎರಡು ಲೇಸು.

ಬಟ್ಟೆಬರೆಗಳು

ಬೆಳೆಯುವ ಮಕ್ಕಳ ಬಟ್ಟೆ ಹರಿಯುವುದಕ್ಕೆ ಮೊದಲೇ ಚಿಕ್ಕದಾಗುತ್ತದೆ. ಬೀರುವಿನಲ್ಲಿ ಈಗ ಹಿಡಿಸುವ ಬಟ್ಟೆ ಮಾತ್ರ ಇರಲಿ. ಶಾಲೆಯ ಬಟ್ಟೆ, ಮನೆಯ ಬಟ್ಟೆ, ಹಬ್ಬದ ಬಟ್ಟೆ ಎಂದು ಮೂರು ಸಾಲು ಮಾಡಿ, ಮೊದಲೆರಡನ್ನು ಮಗುವಿನ ಕೈಗೆ ಸಿಗುವ ಕೆಳಗಿನ ಹಲಗೆಯಲ್ಲಿಟ್ಟರೆ ಅದು ತಾನೇ ತೆಗೆದು ತಾನೇ ಮಡಚಿಡಲು ಕಲಿಯುತ್ತದೆ. ತಮ್ಮ ತಂಗಿಯರಿಗೆಂದು ತೆಗೆದಿಡುವ ಬಟ್ಟೆಯನ್ನು ಒಗೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಟ್ರಂಕಿನಲ್ಲಿಡಬೇಕು. ಬೆವರು, ಎಣ್ಣೆಯ ಕಲೆ ಇರುವ ಬಟ್ಟೆಗೇ ನುಸಿ ಮೊದಲು ಹಿಡಿಯುವುದು.

ಟ್ರಂಕಿಗೆ ಒಣಗಿದ ಬೇವಿನ ಎಲೆ ಅಥವಾ ಲಾವಂಚದ ಬೇರು ಹಾಕುವುದು ಹಿಂದಿನಿಂದ ಬಂದ ಪದ್ಧತಿ. ನುಸಿಗುಳಿಗೆ ಹಾಕುವವರು ಎರಡು ವಿಷಯ ನೆನಪಿಡಬೇಕು. ಅದನ್ನು ನುಂಗಿದರೆ ಅಪಾಯ. ಕೆಲವು ಮಕ್ಕಳಲ್ಲಿ ರಕ್ತದ ಕೆಂಪು ಕಣಗಳು ಒಡೆಯುತ್ತವೆ. ಅಲ್ಲದೆ ನುಸಿಗುಳಿಗೆಯೊಡನೆ ಇಟ್ಟಿದ್ದ ಬಟ್ಟೆಯನ್ನು ಒಗೆದು ಗಾಳಿಗೆ ಹರವದೆ ಹಸುಗೂಸಿಗೆ ತೊಡಿಸಬಾರದು.

ಔಷಧಿ ಸಿಂಪಡಿಸುವಾಗ ಹಾಕಿಕೊಳ್ಳುವ ಅಂಗಿ, ಟವೆಲುಗಳನ್ನು ಮನೆಯೊಳಗಿನ ಗೂಟಕ್ಕೆ ನೇತುಹಾಕುವುದು ಸರಿಯಲ್ಲ. ಅವನ್ನು ಹೊರಗೇ ಬಿಚ್ಚಿ, ಮಕ್ಕಳ ಬಟ್ಟೆಯೊಡನೆ ನೆನೆಹಾಕದೆ ಬೇರೆಯಾಗಿ ಒಗೆದು, ಹೊರಗಿನ ಗೂಟದಲ್ಲಿಯೇ ಇಡಬೇಕು.

ಕೈಕೆಲಸದ ಸಾಮಗ್ರಿಗಳು

ಮಗ್ಗಗಳ ಊರಾದ ದೊಡ್ಡಬಳ್ಳಾಪುರದ ಕಡೆ ನೂಲಿನ ತುಣುಕು, ಬಟ್ಟೆಯ ಚೂರುಗಳಿಗೆ ಕೊರತೆಯಿಲ್ಲ. ಸೀರೆಗೆ ಕುಚ್ಚು ಹಾಕುವ ಮನೆಗಳಲ್ಲಿ ಮಣಿ, ಸೂಜಿ, ಕತ್ತರಿಗಳೂ ಇರುತ್ತವೆ. ಮಕ್ಕಳ ಶಾಲೆಯ ಕೈಕೆಲಸವೂ ಇವುಗಳಿಂದಲೇ ನಡೆಯುತ್ತದೆ. ಇವನ್ನು ಎರಡು ಡಬ್ಬಿಗಳಲ್ಲಿ ಬೇರೆ ಮಾಡಬೇಕು. ಬಣ್ಣದ ಕಾಗದ, ಉಣ್ಣೆ, ಬಟ್ಟೆಯ ಚೂರು, ಪೆನ್ಸಿಲ್, ಮೊನೆಯಿಲ್ಲದ ಕತ್ತರಿ ಇರುವುದು ಮಕ್ಕಳ ಡಬ್ಬಿ. ಸೂಜಿ, ಬ್ಲೇಡು, ಚೂಪು ಕತ್ತರಿ, ಸಣ್ಣ ಮಣಿಗಳು ಇರುವುದು ದೊಡ್ಡವರ ಡಬ್ಬಿ, ಇದು ಎತ್ತರದಲ್ಲಿರಬೇಕು. ಸಣ್ಣ ಮಣಿಗಳನ್ನು ಮಕ್ಕಳು ಮೂಗು ಕಿವಿಗಳಿಗೆ ತುರುಕಿಕೊಳ್ಳುವುದು ಸಾಮಾನ್ಯ. ತಿನ್ನರ್, ಸೀಮೆಎಣ್ಣೆಗಳನ್ನು ಷರಬತ್ತಿನ ಬಾಟಲಿಗೆ ಎಂದಿಗೂ ತುಂಬಿಡಬಾರದು.

ರೇಷ್ಮೆಗೂಡಿನಿಂದ ಹಾರ, ಹೂಗುಚ್ಛ ಮಾಡುವವರು ಗೂಡನ್ನು ಕತ್ತರಿಸಿ ಒಳಗಿನ ಕೋಶವನ್ನು ತೆಗೆದು, ಚೆನ್ನಾಗಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಕೋಶ ಉಳಿದರೆ ಡರ್ಮೆಸ್ಟಿಡ್ ಜಾತಿಯ ದುಂಬಿ ಬಂದು ಗೂಡುಗಳನ್ನು ಕೊರೆಯುತ್ತದೆ. ಬಟ್ಟೆಯ ಚೂರುಗಳಿಗೆ ಒಂದು ಚೀಲದ ಮಿತಿ ಇರಲಿ. ಚೀಲ ತುಂಬಿದ ಮೇಲೆ ಹೊಸ ಚೂರು ಬಂದರೆ ಹಳೆಯದು ಹೊರಗೆ ಹೋಗಬೇಕು.

ಔಷಧಿಗೆ ಬೇರೆ ಜಾಗ, ಬೇರೆ ಬೀಗ

ಮೇಲೆ ಹೇಳಿದ ಕ್ರಮವೆಲ್ಲ ಫಲ ಕೊಡಬೇಕಾದರೆ ಬೇಸಾಯದ ಔಷಧಿಗಳು ವಾಸದ ಮನೆಯಿಂದ ಹೊರಗೆ ಹೋಗಬೇಕು. ಪಂಪಿನ ಮನೆಯಲ್ಲೋ ಹೊರಗಿನ ಕೊಠಡಿಯಲ್ಲೋ ಬೀಗವಿರುವ ಪೆಟ್ಟಿಗೆ ಮಾಡಿಸಿ, ಕೀಲಿಯನ್ನು ಒಬ್ಬರೇ ಇಟ್ಟುಕೊಳ್ಳಬೇಕು. ಮೈಲುತುತ್ತ, ಇಲಿ ಪಾಷಾಣ, ಉಪಚರಿಸಿದ ಬೀಜ ಎಲ್ಲವೂ ಅಲ್ಲಿಗೇ ಸೇರಬೇಕು. ಔಷಧಿಯನ್ನು ಅದರ ಮೂಲ ಡಬ್ಬಿಯಲ್ಲಿಯೇ ಇಡಬೇಕು. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣದಿಂದ ವಿಷದ ತೀವ್ರತೆ ತಿಳಿಯುತ್ತದೆ. ಕೆಂಪು ಅತ್ಯಂತ ತೀವ್ರ. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಹಸಿರು ಎಂದರೆ ನಿರಪಾಯ ಎಂದು ಅರ್ಥವಲ್ಲ.

ಖಾಲಿಯಾದ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪರಣಾ ಟ್ಯಾಂಕಿಗೇ ಸುರಿದು, ಡಬ್ಬಿಯನ್ನು ತೂತು ಮಾಡಬೇಕು. ಖಾಲಿ ಡಬ್ಬಿಗಳನ್ನು ಒಡೆದು ವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ. ಬಾವಿ, ಕೆರೆಯ ಹತ್ತಿರ ಹೂಳಬಾರದು.

ಮಗು ವಿಷ ನುಂಗಿದೆ ಎಂಬ ಅನುಮಾನ ಬಂದರೂ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಉಪ್ಪು ನೀರು, ಹುಣಸೆ ನೀರು ಕುಡಿಸಿ ವಾಂತಿ ಮಾಡಿಸಬಾರದು. ಮೈಗೆ ಬಿದ್ದಿದ್ದರೆ ಬಟ್ಟೆ ಬಿಚ್ಚಿ ಸೋಪಿನ ನೀರಿನಿಂದ ತೊಳೆಯಬೇಕು. ಎಚ್ಚರ ತಪ್ಪಿದ್ದರೆ ಒಂದು ಮಗ್ಗುಲಿಗೆ ಮಲಗಿಸಬೇಕು. ಔಷಧಿಯ ಡಬ್ಬಿಯನ್ನು ವೈದ್ಯರಿಗೆ ತೋರಿಸಲು ಜೊತೆಯಲ್ಲಿ ಒಯ್ಯಬೇಕು.

ನಡೆಸಿಕೊಂಡು ಹೋಗುವುದು

ಒಮ್ಮೆ ಕಳೆ ಕಿತ್ತರೆ ಹೊಲ ವರ್ಷವೆಲ್ಲ ಚೊಕ್ಕಟವಾಗಿರುವುದಿಲ್ಲ. ಓರಣವೂ ಹಾಗೆಯೇ. ಸಂಜೆ ದೀಪ ಹಚ್ಚುವ ಮುಂಚೆ ಹತ್ತು ನಿಮಿಷ ಮಕ್ಕಳೇ ತಮ್ಮ ಸಾಮಾನುಗಳನ್ನು ಬುಟ್ಟಿಗೆ ಸೇರಿಸುವ ರೂಢಿ ಮಾಡಬೇಕು. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಈ ನಿಯಮ ಒಂದೇ.

ವಿಸ್ತರಣಾ ಕಾರ್ಯಕರ್ತರು ಬೆಳೆಗಳ ವಿಷಯ ಹೇಳಲು ಮನೆಗೆ ಹೋದಾಗ ಔಷಧಿ ಎಲ್ಲಿಟ್ಟಿದ್ದಾರೆ, ಮಕ್ಕಳ ಆಟಿಕೆ ಎಲ್ಲಿವೆ ಎಂಬ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳುವುದು ಒಳ್ಳೆಯದು. ಔಷಧಿಗಳ ಬಳಕೆ, ದಾಸ್ತಾನಿನ ಬಗ್ಗೆ ಹೆಚ್ಚಿನ ತಿಳುವಳಿಕೆ ಬೇಕಾದವರು ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.

ಹುಳು ಮನೆಯಲ್ಲಿ ಎಚ್ಚರ ತಪ್ಪಿದರೆ ಒಂದು ಬೆಳೆ ಹೋಗುತ್ತದೆ, ಮುಂದಿನ ಚಾಕಿಗೆ ಅದನ್ನು ತುಂಬಿಕೊಳ್ಳಬಹುದು. ಮಕ್ಕಳ ವಿಷಯದಲ್ಲಿ ಹಾಗೆ ತುಂಬಿಕೊಳ್ಳಲು ಬರುವುದಿಲ್ಲ ಎಂಬುದನ್ನು ರೈತ ಬಾಂಧವರು ಮರೆಯಬಾರದು.