ಸುಣ್ಣಕಲ್ಲಿನ ಗಣಿಯಲ್ಲೊಂದು ಕಾನನ

ಪೂರ್ವ ಆಫ್ರಿಕದ ಕೀನ್ಯಾ ದೇಶದಲ್ಲಿ, ಮೊಂಬಾಸ ದ್ವೀಪನಗರವನ್ನು ಬಿಟ್ಟು ನ್ಯಾಲಿ ಸೇತುವೆಯನ್ನು ದಾಟಿ, ಮಲಿಂಡಿಯ ಕಡೆಗೆ ಉತ್ತರಾಭಿಮುಖವಾಗಿ ಸಾಗುವ ಹೆದ್ದಾರಿಯ ಮಗ್ಗುಲಲ್ಲಿ, ಬಂಬೂರಿ ಸಿಮೆಂಟು ಕಾರ್ಖಾನೆಯ ನೆರೆಯಲ್ಲಿಯೇ, ಹ್ಯಾಲರ್ ಉದ್ಯಾನವೆಂಬ ತರುಗಹನವಾದ ತಾಣವೊಂದಿದೆ. ಕೈಯೊಡ್ಡಿದರೆ ಬಂದು ಮೇವನ್ನು ಸ್ವೀಕರಿಸುವ ಜಿರಾಫೆಗಳನ್ನೂ, ಕೊಳಗಳಲ್ಲಿ ಮುಳುಗಿರುವ ನೀರಾನೆಗಳನ್ನೂ, ನೆರಳಲ್ಲಿ ಮಂದಗತಿಯಿಂದ ಚಲಿಸುವ ದೈತ್ಯ ಆಮೆಗಳನ್ನೂ ಕಂಡ ಯಾತ್ರಿಕನು ಇದನ್ನು ಪುರಾತನ ಅರಣ್ಯದ ಅವಶೇಷವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿಯ ಅತ್ಯಂತ ಹಿರಿಯ ವೃಕ್ಷಕ್ಕೂ ಐವತ್ತರ ಆಸುಪಾಸಿನ ವಯಸ್ಸು. ಅದು ಬೇರೂರಿರುವ ನೆಲವಾದರೋ ಗಣಿಯ ತಳ.

ಪ್ರಾಚೀನ ಕಾಲದ ಹವಳದ ದಿಬ್ಬಗಳೇ ಘನೀಭವಿಸಿ ಸುಣ್ಣಕಲ್ಲಾದ ಈ ತೀರದಲ್ಲಿ 1954ರಲ್ಲಿ ಸಿಮೆಂಟಿನ ತಯಾರಿಕೆ ಆರಂಭವಾಯಿತು. ಕಲ್ಲನ್ನು ಅಗೆದು ಸಾಗಿಸಿದ ಮೇಲೆ ಉಳಿದುದು ಮಣ್ಣಿನ ಲೇಶವೂ ಇಲ್ಲದ, ಬಿಸಿಲಿಗೆ ಕಣ್ಣು ಕುಕ್ಕುವ ಬಿಳಿಯ ಬಯಲು. ಅದರ ಕೆಳಗೆ ಅಲ್ಪ ಆಳದಲ್ಲಿಯೇ ಸವುಳು ನೀರು. ಸಂಸ್ಥೆಯ ಸೇವೆಯಲ್ಲಿದ್ದ ಸ್ವಿಸ್ ಕೃಷಿತಜ್ಞ ರೆನೆ ಹ್ಯಾಲರ್ ಅವರು 1971ರಲ್ಲಿ ಇಲ್ಲಿ ಇಪ್ಪತ್ತಾರು ಜಾತಿಯ ಸಸಿಗಳನ್ನು ನೆಟ್ಟು ಪರೀಕ್ಷಿಸಿದರು. ಬದುಕಿ ಉಳಿದವು ಮೂರೇ: ತೆಂಗು, ಕೊನೊಕಾರ್ಪಸ್ ಮತ್ತು ನಮ್ಮ ಕರಾವಳಿಯ ಮರಳಿನಲ್ಲಿಯೂ ಬೆಳೆಯುವ ಗಾಳಿಮರ.

ಈ ಮೂರರಲ್ಲಿ ಗಾಳಿಮರವೇ ಮುಂದಿನ ಕಾರ್ಯಕ್ಕೆ ಆಧಾರವಾಯಿತು. ಉಪ್ಪನ್ನು ಸಹಿಸಬಲ್ಲ ಈ ವೃಕ್ಷವು ತನ್ನ ಬೇರಿನ ಗಂಟುಗಳಲ್ಲಿ ಫ್ರಾಂಕಿಯ ಎಂಬ ಸೂಕ್ಷ್ಮಜೀವಿಗೆ ಆಶ್ರಯವಿತ್ತು, ಅದರ ಮೂಲಕ ವಾಯುವಿನ ಸಾರಜನಕವನ್ನು ಪಡೆಯುವುದರಿಂದ, ಫಲವತ್ತಾದ ಭೂಮಿಯನ್ನು ಅಪೇಕ್ಷಿಸದೆ ಬೆಳೆಯುತ್ತದೆ. ಆದರೆ ಮರಗಳು ಎತ್ತರವಾದಂತೆ ಹೊಸದೊಂದು ತೊಡಕು ತಲೆದೋರಿತು. ಉದುರಿದ ಸೂಜಿಯೆಲೆಗಳು, ಅವುಗಳಲ್ಲಿರುವ ಒಗರಿನ ದೆಸೆಯಿಂದ, ಕೊಳೆಯದೆ ನೆಲದ ಮೇಲೆ ಹಾಸುಹಾಸಾಗಿ ಬಿದ್ದಿದ್ದವು. ಎಲೆ ಕೊಳೆಯದೆ ಮಣ್ಣಿಲ್ಲ, ಮಣ್ಣಿಲ್ಲದೆ ಅನ್ಯ ಸಸ್ಯಕ್ಕೆ ನೆಲೆಯಿಲ್ಲ.

ಈ ತೊಡಕನ್ನು ಬಿಡಿಸಿದುದು, ಮುಟ್ಟಿದೊಡನೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಸಹಸ್ರಪದಿ. ಆ ಪ್ರಾಂತದ ಕೆಂಪುಕಾಲಿನ ಸಹಸ್ರಪದಿಗಳು ಈ ಒಣ ಎಲೆಗಳನ್ನು ತಿನ್ನುವುದನ್ನು ಗಮನಿಸಿದ ಹ್ಯಾಲರ್, ಅವುಗಳನ್ನು ನೂರಾರು ಸಂಖ್ಯೆಯಲ್ಲಿ ತರಿಸಿ ತೋಪಿನಲ್ಲಿ ಬಿಡಿಸಿದರು. ಅವು ಅಗಿದು ವಿಸರ್ಜಿಸಿದುದನ್ನು ಸೂಕ್ಷ್ಮಜೀವಿಗಳು ಸುಲಭವಾಗಿ ಜೀರ್ಣಿಸಿದವು. ಬರಿಯ ಕಲ್ಲಿನ ಮೇಲೆ ತೆಳುವಾದ ಕಪ್ಪು ಮಣ್ಣಿನ ಪದರ ಮೂಡಿತು. ಆ ಮಣ್ಣಿನಲ್ಲಿ, ಗಾಳಿಮರದ ನೆರಳಿನಲ್ಲಿ, ದೇಶೀಯ ವೃಕ್ಷಗಳು ಬೇರುಬಿಟ್ಟವು. ಸಸ್ಯಗಳನ್ನು ಕೀಟಗಳೂ ಪಕ್ಷಿಗಳೂ ಅನುಸರಿಸಿದವು. ಕೊಳಗಳಲ್ಲಿ ತಿಲಾಪಿಯ ಮೀನನ್ನು ಸಾಕಲಾಯಿತು. ಮೊಸಳೆಗಳೂ ಈಲ್ಯಾಂಡ್ ಜಿಂಕೆಗಳೂ ಬಂದು ಸೇರಿದವು.

1984ರಲ್ಲಿ ಈ ತಾಣವು ಸಾರ್ವಜನಿಕರಿಗೆ ತೆರೆಯಿತು. 1987ರಲ್ಲಿ ಹ್ಯಾಲರ್ ಅವರಿಗೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ‘ಗ್ಲೋಬಲ್ 500’ ಗೌರವ ಸಂದಿತು. 2004ರ ಡಿಸೆಂಬರಿನ ಸುನಾಮಿಯ ವೇಳೆ ಮಲಿಂಡಿಯ ಬಳಿ ಸಮುದ್ರದಿಂದ ರಕ್ಷಿಸಲ್ಪಟ್ಟ ಓವನ್ ಎಂಬ ನೀರಾನೆಯ ಮರಿಯು ಇಲ್ಲಿಯ ಮ್ಜೀ ಎಂಬ ಮುದಿ ಆಮೆಯನ್ನೇ ತಾಯಿಯೆಂಬಂತೆ ಹಿಂಬಾಲಿಸಿದ ವೃತ್ತಾಂತವು ಈ ಉದ್ಯಾನದ ಹೆಸರನ್ನು ಲೋಕಕ್ಕೆಲ್ಲ ಮುಟ್ಟಿಸಿತು.

ಮರಿಯ ಕಥೆ ಮನೋಹರವಾದುದೇ ಸರಿ. ಆದರೆ ಗಣಿಗಾರಿಕೆಯಿಂದ ಕೆಟ್ಟ ನೆಲವನ್ನು ತಿದ್ದಹೊರಟವರು ಇಲ್ಲಿ ಮೊದಲು ನೋಡತಕ್ಕದ್ದು ನೆಲವನ್ನು. ಅಗೆಯುವುದಕ್ಕೆ ಮುನ್ನ ಇಲ್ಲಿದ್ದ ಕಾಡು ಮರಳಿ ಬಂದಿದೆಯೆಂದು ಯಾರೂ ಹೇಳಲಾರರು. ಬಂದಿರುವುದು ಬೇರೊಂದು ಕಾಡು. ಸಸಿಗಳ ಲೆಕ್ಕವನ್ನೇ ಸಾಧನೆಯ ಲೆಕ್ಕವೆಂದು ಬಗೆಯುವವರಿಗೆ, ಮೊದಲು ಗಾಳಿಮರ, ಅನಂತರ ಮಣ್ಣು, ಆಮೇಲೆ ಇತರ ಮರಗಳು, ಕಡೆಗೆ ಮೃಗ ಎಂಬ ಇಲ್ಲಿಯ ಕ್ರಮವು, ಎಲೆಯನ್ನು ತಿನ್ನುವ ಹುಳುವನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕೆಂಬುದನ್ನು ತಿಳಿಸುತ್ತದೆ.