ಲಾವಣಿಗೂ ಒಂದು ಮಣೆ ಹಾಕೋಣ

ಲೋಧಿ ಕಾಲೋನಿಯ ಮನೆಗಳನ್ನು ಬ್ರಿಟಿಷರು ತಮ್ಮ ಆಳ್ವಿಕೆಯ ಕೊನೆಗಾಲದಲ್ಲಿ, 1940ರ ದಶಕದಲ್ಲಿ, ಸರಕಾರಿ ನೌಕರರಿಗಾಗಿ ಕಟ್ಟಿಸಿದರು. ಆ ಗೋಡೆಗಳ ಮೇಲೆ ಈಗ ಆಳೆತ್ತರವನ್ನು ಮೀರಿದ ಬಣ್ಣದ ಚಿತ್ರಗಳಿವೆ. ಅವನ್ನು ನೋಡಲು ಪರದೇಶದವರೂ ಬರುತ್ತಾರೆ. ಬೀದಿಯ ಚಿತ್ರಕ್ಕೆ ದೊರೆತ ಈ ಮನ್ನಣೆ ನಮ್ಮ ಬೀದಿಯ ಹಾಡಿಗೆ ಏಕೆ ದೊರೆಯಬಾರದು? ನವೆಂಬರ್ ಬಂತೆಂದರೆ ನಮ್ಮ ಗುಮಾಸ್ತ ಮಿತ್ರರಿಗೆ ಭಾವಗೀತೆ ಬೇಕು, ಕರಾವಳಿಯಿಂದ ಬಂದ ಹೋಟೆಲ್ ಬಂಧುಗಳಿಗೆ ಯಕ್ಷಗಾನ ಬೇಕು. ಎರಡೂ ಬೇಕಾದವೇ. ಆದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿಗಳ ಕಡೆಯ ಲಾವಣಿಯನ್ನು, ಗೀಗೀ ಪದವನ್ನು ನೆನೆಯುವವರು ವಿರಳ. ನಾವು ಈ ಹಾಡುಗಳ ಅಭಿಮಾನಿಗಳು, ಪಂಡಿತರಲ್ಲ.

ಮೇಳದ ಕಟ್ಟು ತೀರ ಸರಳವಾದುದು. ಮುಂದಾಳು ದಪ್ಪು ಬಾರಿಸುತ್ತ ಕಥೆಯನ್ನೆತ್ತುತ್ತಾನೆ. ಹಿಂದಿನವರು ತುಂತುಣಿ, ತಾಳ ಹಿಡಿದು 'ಗೀ ಗೀ' ಎಂದು ದನಿಗೂಡಿಸುತ್ತಾರೆ. ಹೆಸರು ಬಂದುದೂ ಅದರಿಂದಲೇ. ಹರದೇಶಿ ಮೇಳದವರು ಶಿವನ ಪಕ್ಷ, ನಾಗೇಶಿ ಮೇಳದವರು ಶಕ್ತಿಯ ಪಕ್ಷ ವಹಿಸಿ ರಾತ್ರಿಯಿಡೀ ವಾದ ಹೂಡುವುದುಂಟು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ಪ್ರಶ್ನೆ ಬೆಳಗಾದರೂ ಇತ್ಯರ್ಥವಾಗದು. ಆಗದಿರುವುದೇ ಲೇಸು, ಮರುವರ್ಷವೂ ಹಾಡಬೇಕಲ್ಲವೆ!

ಆದರೆ ನಮ್ಮ ಮನಸ್ಸು ಹೆಚ್ಚಾಗಿ ಸೋತಿರುವುದು, ಸರಕಾರವು ಅಪರಾಧಿಗಳೆಂದು ಬಗೆದವರ ಲಾವಣಿಗಳಿಗೆ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನನ್ನು ಜನ ಹಾಡಿ ಉಳಿಸಿಕೊಂಡರು. ಅದಕ್ಕಿಂತಲೂ ನಮ್ಮನ್ನು ಕಲಕಿದುದು ಹಲಗಲಿ ಬೇಡರ ಲಾವಣಿ. 1857ರಲ್ಲಿ ಕುಂಪಣಿ ಸರಕಾರ ಹತ್ಯಾರಗಳನ್ನು ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿತು. ಮುಧೋಳದ ಬಳಿಯ ಹಲಗಲಿಯ ಬೇಡರು ಒಪ್ಪಲಿಲ್ಲ. ದಂಡು ಬಂದು ಊರನ್ನು ಸುಟ್ಟಿತು, ಮುಂದಾಳುಗಳು ಗಲ್ಲಿಗೇರಿದರು. ಲಾವಣಿಕಾರನು ಇಲ್ಲಿ ವೀರರನ್ನು ಹೊಗಳಿ ಸುಮ್ಮನಾಗುವುದಿಲ್ಲ. ದಂಡಿನವರು ದೋಚಿದ ವಸ್ತುಗಳನ್ನು ಒಂದೊಂದಾಗಿ ಎಣಿಸುತ್ತಾನೆ: ಮೊಸರು, ಬೆಣ್ಣೆ, ಉಪ್ಪು, ಅರಿಸಿನ, ಜೀರಿಗೆ, ಗಂಗಾಳ, ಚರಿಗೆ, ಮಂಗಳಸೂತ್ರ, ಕಡೆಗೆ ಬೀಸುಕಲ್ಲು. ಉಗ್ರಾಣದ ಲೆಕ್ಕ ಬರೆಯುವ ನಮ್ಮ ಹೋಟೆಲ್ ಬಂಧುಗಳಿಗೆ ಈ ಪಟ್ಟಿಯ ಭಾರ ತಾನಾಗಿಯೇ ತಿಳಿದೀತು. ಜೀರಿಗೆಯನ್ನೂ ಬಿಡದೆ ಒಯ್ದ ಮೇಲೆ ಆ ಮನೆಯಲ್ಲಿ ಉಳಿದುದೇನು? ಬಂಡಾಯದ ಬಗ್ಗೆ ಇಷ್ಟು ಒಕ್ಕಣೆಯಿಲ್ಲದೆ ಇಷ್ಟನ್ನು ಹೇಳಿದ ಬೇರೊಂದು ಕನ್ನಡ ರಚನೆ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಇದನ್ನು ಕೂಡಿಟ್ಟು ಇಂಗ್ಲಿಷ್ ಅನುವಾದದೊಡನೆ 1880ರ ದಶಕದಲ್ಲಿ ಅಚ್ಚು ಹಾಕಿಸಿದವರು, ವಿಚಿತ್ರವೆಂದರೆ, ಅದೇ ಸರಕಾರದ ಅಧಿಕಾರಿ, ಶಾಸನತಜ್ಞ ಫ್ಲೀಟ್ ಸಾಹೇಬರು. ಕಟ್ಟಿದಾತನು ಕೊನೆಯಲ್ಲಿ ಕುರ್ತಕೋಟಿಯ ಕಲ್ಮೇಶನನ್ನು ಹೆಸರಿಸಿ ಊರಿನ ಗುರುತು ಬಿಟ್ಟುಹೋಗಿದ್ದಾನೆ. ಮುಂದೆ ಹಲಸಂಗಿಯ ಗೆಳೆಯರು ತಮ್ಮೂರಿನ ಖಾಜಾಭಾಯಿಯಂಥವರ ಲಾವಣಿಗಳನ್ನು ಪುಸ್ತಕಕ್ಕೆ ತಂದರು. ಬೇಂದ್ರೆಯವರು ಆ ಧಾಟಿಯನ್ನು ತಮ್ಮ ಕಾವ್ಯಕ್ಕೆ ತೆಗೆದುಕೊಂಡರು. ಬೇಂದ್ರೆಯವರನ್ನು ಬಲ್ಲವರು ಲಕ್ಷಾಂತರ, ಖಾಜಾಭಾಯಿಯನ್ನು ಬಲ್ಲವರೆಷ್ಟು?

ಅಮೆರಿಕೆಯಲ್ಲಿಯೂ ಹೀಗೆಯೇ ಆಗಿದೆ. ಅಲ್ಲಿನ ದಕ್ಷಿಣ ಸೀಮೆಯ ಹಳ್ಳಿ ಹಾಡನ್ನು ನ್ಯಾಶ್‌ವಿಲ್ ನಗರದ ಕಂಪನಿಗಳು ನಯಗೊಳಿಸಿ ಮಾರುತ್ತಿದ್ದಾಗ, ವೇಲನ್ ಜೆನಿಂಗ್ಸ್, ವಿಲ್ಲಿ ನೆಲ್ಸನ್ ಮೊದಲಾದವರು ತಮ್ಮದೇ ಮೇಳ, ತಮ್ಮದೇ ಧಾಟಿ ಬೇಕೆಂದು ಹಟ ಹಿಡಿದರು. ಅವರಿಗೆ 'ಔಟ್‌ಲಾ' ಎಂಬ ಹೆಸರಾಯಿತು. 1973ರಲ್ಲಿ ಜೆನಿಂಗ್ಸರ 'ಹಾಂಕಿ ಟಾಂಕ್ ಹೀರೋಸ್' ಎಂಬ ಧ್ವನಿಮುದ್ರಿಕೆಗೆ ಒಂದನ್ನುಳಿದು ಮಿಕ್ಕ ಹಾಡುಗಳನ್ನೆಲ್ಲ ಒದಗಿಸಿದವರು ಬಿಲ್ಲಿ ಜೋ ಶೇವರ್. ಮರ ಕೊಯ್ಯುವ ಕಾರ್ಖಾನೆಯಲ್ಲಿ ಬೆರಳು ಕಳೆದುಕೊಂಡ ಟೆಕ್ಸಾಸಿನ ದುಡಿಮೆಗಾರ. ಕೀರ್ತಿ ಹಾಡಿದವರಿಗೆ ಹೋಯಿತು. ಶೇವರ್ 2020ರಲ್ಲಿ ತೀರಿಕೊಂಡರು. ಅವರ ಹಾಡುಗಳನ್ನು ಕೇಳಿರೆಂದು ನಾವು ಶಿಫಾರಸು ಮಾಡುತ್ತೇವೆ. ಭಾಷೆ ಅರ್ಧ ತಿಳಿದರೂ ಸಾಕು, ದನಿಯಲ್ಲಿ ದುಡಿದವನ ಆಯಾಸವಿದೆ.

ಹಲಗಲಿಯ ಲಾವಣಿ ಕರ್ನಾಟಕದ ಹತ್ತನೆಯ ತರಗತಿಯ ಪಠ್ಯದಲ್ಲಿ ಸೇರಿದುದರಿಂದ ನಮ್ಮ ತರುಣರಲ್ಲಿ ಅನೇಕರಿಗೆ ನುಡಿಗಳು ಬಾಯಿಪಾಠ ಇರಬಹುದು. ಆದರೆ ಪುಸ್ತಕದಲ್ಲಿ ಪಲ್ಲ, ಏರು ಎಂದು ಅಚ್ಚಾಗಿದೆಯೇ ಹೊರತು ಅದರ ಚಾಲು ಅಚ್ಚಾಗಿಲ್ಲ. ಅದು ಬಾಯಿಂದ ಬಾಯಿಗೆ ಬರಬೇಕಾದುದು. ಲೋಧಿ ಕಾಲೋನಿಯ ಸುತ್ತಿನ ಅಡಿಗೆಮನೆಗಳಲ್ಲಿ, ಕಚೇರಿಗಳಲ್ಲಿ ಆ ಕಡೆಯ ಮಂದಿ ಇದ್ದಲ್ಲಿ ದಯವಿಟ್ಟು ಮುಂದೆ ಬರಲಿ. ಹತ್ತಿರದ ಲೋಧಿ ಎಸ್ಟೇಟಿನಲ್ಲಿ ನಮ್ಮ ಕನ್ನಡ ಶಾಲೆಯ ಮಕ್ಕಳಿದ್ದಾರೆ. ದಪ್ಪು ಸಿಗದಿದ್ದರೆ ಸದ್ಯಕ್ಕೆ ತಟ್ಟೆಯೊಂದಾದರೂ ಆದೀತು.